ಮೂರು ಸಾವಿರದೊಳಗೆ ಕಿವಿಗೆ ಹಿತವಾದ ವೈರ್‌ಲೆಸ್ ಹೆಡ್‌ಫೋನ್ ಸಿಗುತ್ತದಾ?

ಪ್ರಶ್ನೆ: ನಾನು ವಾರದಲ್ಲಿ ನಾಲ್ಕು ದಿನ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ಹೋಗಿ ಬರಲು ಸುಮಾರು ಮೂರು ಗಂಟೆ. ದಾರಿಯಲ್ಲಿ ಹಿಂದೂಸ್ತಾನಿ ಗಾಯನ, ಭಾವಗೀತೆ, ಪಾಡ್‌ಕಾಸ್ಟ್ ಕೇಳುತ್ತೇನೆ. ಆಫೀಸಿನಲ್ಲಿ ಲ್ಯಾಪ್‌ಟಾಪ್ ಮೀಟಿಂಗ್, ಭಾನುವಾರ ಆನ್‌ಲೈನ್ ಸಂಗೀತ ಪಾಠ. ಇಯರ್‌ಬಡ್ ಹಾಕಿದರೆ ಕಿವಿಯೊಳಗೆ ತುರಿಕೆ ಬರುತ್ತದೆ ಅಂತ ಹೋದ ವರ್ಷ ಕಿವಿ ಪೂರ್ತಿ ಮುಚ್ಚುವ ಬ್ಲೂಟೂತ್ ಹೆಡ್‌ಫೋನ್ ತಗೊಂಡೆ. ಒಂದೇ ವರ್ಷಕ್ಕೆ ಅದರ ಕುಶನ್ ಕಿತ್ತು ಬರುತ್ತಿದೆ, ಕೆನ್ನೆಗೆಲ್ಲ ಕಪ್ಪು ಚೂರು ಅಂಟುತ್ತದೆ. ಮೀಟಿಂಗ್ ಶುರುವಾದ ತಕ್ಷಣ ಸದ್ದು ಹಳೇ ಟೆಲಿಫೋನ್ ಥರ ಆಗಿಬಿಡುತ್ತದೆ. ಈಗ ಹೊಸದು ತಗೋಬೇಕು. 50 ಮಿ.ಮೀ. ಡ್ರೈವರ್ (ಒಳಗಿನ ಸ್ಪೀಕರ್), ಎಲ್‌ಡಿಎಸಿ, ಎಎನ್‌ಸಿ ಮೂರೂ ಇರೋದೇ ಬೇಕು ಅಂತಾನೆ ಮಗ. ತಲೆ ಪಕ್ಕ ಬ್ಲೂಟೂತ್ ಇಟ್ಟುಕೊಳ್ಳೋದೇ ಬೇಡ ಅಂತಾರೆ ಅತ್ತೆ. ನಾನು ಕನ್ನಡಕ ಹಾಕುತ್ತೇನೆ. ಮೂರು ಸಾವಿರ, ತೀರಾ ಅಂದರೆ ನಾಲ್ಕೂವರೆ ಸಾವಿರ ಕೊಡಬಲ್ಲೆ. ಏನು ನೋಡಿ ಆರಿಸಲಿ?
— ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಹೊಸ ಹೆಡ್‌ಫೋನ್ ಯಾವುದು ಅನ್ನೋದಕ್ಕಿಂತ ಮೊದಲು ಬಗೆಹರಿಸಬೇಕಾದ ಎರಡು ಕಷ್ಟ ಇವೆ. ಒಂದು, ಕುಶನ್ ಕಿತ್ತು ಬರೋದು. ಇನ್ನೊಂದು, ಮೀಟಿಂಗ್‌ನಲ್ಲಿ ಸದ್ದು ಕೆಡೋದು. ಇವೆರಡೂ ಹೊಸದು ತಂದ ಮಾತ್ರಕ್ಕೆ ಹೋಗುವಂಥವಲ್ಲ. ಕಾರಣ ಗೊತ್ತಿಲ್ಲದೆ ಹತ್ತು ಸಾವಿರ ಕೊಟ್ಟು ತಂದರೂ ಅವು ಮತ್ತೆ ಎದುರಾಗುತ್ತವೆ. ಅದಕ್ಕೇ ಮೊದಲು ಅವನ್ನೇ ನೋಡೋಣ.

ಮೀಟಿಂಗ್ ವಿಷಯ ಸುಲಭ, ಕಾಸೂ ಖರ್ಚಿಲ್ಲ. ಸಾಮಾನ್ಯ ಬ್ಲೂಟೂತ್‌ನಲ್ಲಿ ಹಾಡು ಕೇಳಲು ಒಂದು ದಾರಿ, ಮಾತಾಡಲು ಇನ್ನೊಂದು ದಾರಿ ಇದೆ. ಹಾಡಿನ ದಾರಿಯಲ್ಲಿ ಸದ್ದು ಒಂದೇ ಕಡೆಗೆ, ಫೋನಿನಿಂದ ಕಿವಿಗೆ ಹರಿಯುತ್ತದೆ. ಎರಡೂ ಕಿವಿಗೆ ಬೇರೆ ಬೇರೆ, ಪೂರ್ತಿ ಸದ್ದು. ಹೆಡ್‌ಫೋನ್‌ನ ಮೈಕ್ ಆನ್ ಆದ ಕ್ಷಣ ಲ್ಯಾಪ್‌ಟಾಪ್ ಮಾತಿನ ದಾರಿಗೆ ಬದಲಾಗುತ್ತದೆ. ಅಲ್ಲಿ ಎರಡೂ ಕಿವಿಗೆ ಒಂದೇ ಸದ್ದು. ಅದೂ ಹೆಚ್ಚೆಂದರೆ 8,000 ಹರ್ಟ್ಸ್‌ವರೆಗೆ, ಹಳೇ ಬಗೆಯ ಸಂಪರ್ಕವಾದರೆ 4,000ಕ್ಕೂ ಒಳಗೆ. ಟೆಲಿಫೋನ್ ಥರ ಕೇಳಿಸೋದು ಅದಕ್ಕೇ. ನಿಮ್ಮ ಹೆಡ್‌ಫೋನ್ ಕೆಟ್ಟಿಲ್ಲ.

ಮಾಡಬೇಕಾದ್ದು ಇಷ್ಟೇ. ಮೀಟಿಂಗ್ ಆ್ಯಪ್‌ನ ಆಡಿಯೋ ಸೆಟ್ಟಿಂಗ್ ತೆರೆದು ಸ್ಪೀಕರ್ ಜಾಗದಲ್ಲಿ ಹೆಡ್‌ಫೋನನ್ನೂ ಮೈಕ್ ಜಾಗದಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಮೈಕನ್ನೂ ಆರಿಸಿ. ಹೆಡ್‌ಫೋನ್ ಹಾಡಿನ ದಾರಿಯಲ್ಲೇ ಉಳಿಯುತ್ತದೆ. ವಿಂಡೋಸ್‌ನಲ್ಲಿ ಕೆಲವು ಕಡೆ ಒಂದೇ ಹೆಡ್‌ಫೋನ್ ಎರಡು ಹೆಸರಲ್ಲಿ ಕಾಣುತ್ತದೆ. ಅದರಲ್ಲಿ ‘ಸ್ಟೀರಿಯೋ’ ಅಂತ ಇರೋದನ್ನು ಒತ್ತಿ, ‘ಹ್ಯಾಂಡ್ಸ್‌ಫ್ರೀ’ ಅನ್ನೋದನ್ನು ಬಿಡಿ. ಎದುರಿನವರಿಗೆ ನಿಮ್ಮ ದನಿಯೂ ಹೆಚ್ಚಿನ ಸಲ ಲ್ಯಾಪ್‌ಟಾಪ್ ಮೈಕ್‌ನಲ್ಲೇ ಚೆನ್ನಾಗಿ ಕೇಳಿಸುತ್ತದೆ. ಆಫೀಸಿನಲ್ಲಿ ಗದ್ದಲ ಇದ್ದರೆ ಮಾತ್ರ ಹೆಡ್‌ಫೋನ್ ಮೈಕ್ ಬಳಸಿ. ಲ್ಯಾಪ್‌ಟಾಪ್ ಮೈಕ್ ಪಕ್ಕದ ಟೇಬಲ್ ಮಾತನ್ನೂ ಎಳೆದುಕೊಳ್ಳುತ್ತದೆ.

ಇದೇ ಮಾತು ನಿಮ್ಮ ಭಾನುವಾರದ ಪಾಠಕ್ಕೂ ಅನ್ವಯಿಸುತ್ತದೆ, ಅಲ್ಲಿ ಇನ್ನೂ ಮುಖ್ಯ. ಮಾತಿನ ದಾರಿಯಲ್ಲಿ ತಂಬೂರಿಯ ಜವಾರಿಯ, ಅಂದರೆ ತಂತಿಯ ಝೇಂಕಾರದ, ಮೇಲಿನ ಭಾಗ ಬಹುತೇಕ ಹೋಗಿಬಿಡುತ್ತದೆ, ಬರೀ ಗುಂಯ್ ಅನ್ನೋದು ಉಳಿಯುತ್ತದೆ. ಇದರ ಮೇಲೆ ಮೀಟಿಂಗ್ ಆ್ಯಪ್‌ಗಳು ಒಂದೇ ಸಮ ಕೇಳಿಸುವ ಸದ್ದನ್ನು ಫ್ಯಾನಿನ ಗದ್ದಲ ಅಂದುಕೊಂಡು ಅಳಿಸಿಹಾಕುತ್ತವೆ. ತಂಬೂರಿ ಅವಕ್ಕೆ ಫ್ಯಾನೇ! ಝೂಮ್‌ನಲ್ಲಿ ಪಾಠ ಆಗುತ್ತಿದ್ದರೆ ಆಡಿಯೋ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಅಂತ ಇದೆ, ಅದನ್ನು ಆನ್ ಮಾಡಿ. ನಿಮ್ಮ ಗುರುಗಳ ಕಡೆಯಲ್ಲೂ ಆನ್ ಮಾಡಿಸಿ. ಎಷ್ಟೋ ವಿದ್ಯಾರ್ಥಿಗಳು ಹೆಡ್‌ಫೋನ್ ಬದಲಿಸಿದರೂ ಸರಿಹೋಗದ ಶ್ರುತಿಯ ಗೋಳು ಈ ಒಂದು ಗುಂಡಿಯಿಂದ ಹೋಗಿದ್ದನ್ನು ನೋಡಿದ್ದೇನೆ.

ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ ಅನ್ನೋದೂ ನಿಜ. ಸಾಮಾನ್ಯವಾಗಿ ಸೆಕೆಂಡಿನ ಆರನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು. ಆದರೆ ಇದಕ್ಕೆ ಎಲ್ಲ ಕಡೆ ಹೆದರಬೇಕಿಲ್ಲ. ವಿಡಿಯೋ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿತೂಗಿಸುತ್ತವೆ. ತಂಬೂರಿ ಆ್ಯಪ್ ಹಾಕಿಕೊಂಡು ರಿಯಾಜ್ ಮಾಡಲು ಏನೂ ತೊಂದರೆ ಇಲ್ಲ, ಶ್ರುತಿ ತಡವಾಗಿ ಬಂದರೂ ಶ್ರುತಿಯೇ. ತಬಲಾ ಆ್ಯಪ್ ಜೊತೆ ಒಬ್ಬರೇ ಹಾಡಿಕೊಳ್ಳುವಾಗಲೂ ನಡೆಯುತ್ತದೆ, ಕೇಳಿಸಿದ ಠೇಕಾಕ್ಕೆ ನೀವು ಹಾಡುತ್ತೀರಿ ಅಷ್ಟೆ. ಅದೇ ಫೋನಿನಲ್ಲಿ ತಬಲಾ ಟ್ರ್ಯಾಕ್ ಹಾಕಿಕೊಂಡು ನಿಮ್ಮ ದನಿಯನ್ನು ರೆಕಾರ್ಡ್ ಮಾಡಿದರೆ ಮಾತ್ರ ದನಿ ತಾಳದಿಂದ ಹಿಂದೆ ಬಿದ್ದಿರುತ್ತದೆ. ನೀವು ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಸರಿಯಾಗಿ ಬಂದಿದ್ದರೂ ರೆಕಾರ್ಡಿಂಗ್‌ನಲ್ಲಿ ತಪ್ಪಿದಂತೆ ಕೇಳಿಸುತ್ತದೆ. ರೆಕಾರ್ಡ್ ಮಾಡುವಾಗ ವೈರ್ ಹಾಕಿಕೊಳ್ಳಿ. ಹಾಗೇ ಹಾಡುವಾಗ ಒಂದು ಕಿವಿ ತೆರೆದಿಡಿ. ಎರಡೂ ಕಿವಿ ಮುಚ್ಚಿದರೆ ನಿಮ್ಮದೇ ದನಿ ತಲೆಯೊಳಗೆ ಗುಂಗುಟ್ಟುತ್ತದೆ, ಸ್ವರ ಎಲ್ಲಿ ನಿಂತಿದೆ ಅನ್ನೋದು ಸರಿಯಾಗಿ ತಿಳಿಯುವುದಿಲ್ಲ.

ಇನ್ನು ಕುಶನ್. ನನ್ನ ಸರ್ವಿಸ್ ಟೇಬಲ್‌ಗೆ ಬರುವ ಹೆಡ್‌ಫೋನ್‌ಗಳಲ್ಲಿ ಸ್ಪೀಕರ್ ಸತ್ತು ಬರುವುದು ಕಡಿಮೆ. ಕುಶನ್ ಕಿತ್ತುಹೋದದ್ದು, ಬ್ಯಾಂಡ್ ಮುರಿದದ್ದು, ಚಾರ್ಜಿಂಗ್ ಪೋರ್ಟ್ ಸಡಿಲವಾದದ್ದು, ಇವೇ ಜಾಸ್ತಿ. ನಿಮ್ಮ ಕುಶನ್ನಿನ ಹೊರಪದರ ಚರ್ಮ ಅಲ್ಲ, ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್. ಬೆವರು, ಸೆಖೆ, ಚರ್ಮದ ಎಣ್ಣೆ ಮೂರೂ ಸೇರಿ ಆ ಪದರವನ್ನು ಒಳಗಿಂದ ಬಿಡಿಸುತ್ತವೆ. ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲಿರುವ ತೇವಕ್ಕೇ ಅದು ಬೇಗ ಹೋಗುತ್ತದೆ, ಕಪಾಟಿನಲ್ಲಿ ಸುಮ್ನೆ ಇಟ್ಟರೂ ಸಿಪ್ಪೆ ಏಳುತ್ತದೆ. ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಹಾಕಿ ಒರೆಸುವವರ ಕುಶನ್ ಇನ್ನೂ ಬೇಗ ಬಿರಿಯುತ್ತದೆ. ಬಳಸಿದ ಮೇಲೆ ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಆಮೇಲೆ ಚೀಲಕ್ಕೆ ಹಾಕಿದರೆ ಬಾಳಿಕೆ ನಿಜವಾಗಿಯೂ ಹೆಚ್ಚುತ್ತದೆ.

ನಿಮ್ಮ ಹಳೇ ಹೆಡ್‌ಫೋನ್‌ನ ಬ್ಯಾಂಡ್ ಗಟ್ಟಿಯಾಗಿದ್ದು, ಚಾರ್ಜ್ ನಿಲ್ಲುತ್ತಿದ್ದರೆ ಅದನ್ನು ಬಿಸಾಡಬೇಡಿ. ಕುಶನ್ ಜೋಡಿ ಬಿಡಿಯಾಗಿ ಸಿಗುತ್ತದೆ, ಕೆಲವೇ ನೂರು ರೂಪಾಯಿ. ಆನ್‌ಲೈನ್‌ನಲ್ಲಿ ಮಾಡೆಲ್ ಹೆಸರು ಹಾಕಿ ಹುಡುಕಿ, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿ. ತಗೊಳ್ಳುವ ಮೊದಲು ಹಳೇ ಕುಶನ್ನಿನ ಉದ್ದ ಅಗಲವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದುಕೊಳ್ಳಿ. ಒಂದು ಅಂಚನ್ನು ಉಗುರಿನಿಂದ ಎತ್ತಿ ನೋಡಿ. ಒಳಗೆ ತೆಳ್ಳನೆ ರೆಕ್ಕೆಯಂಥ ಮಡಿಕೆ ಕಂಡರೆ ಅದು ಕಪ್‌ನ ಸಂದಿಯಲ್ಲಿ ಸಿಕ್ಕಿಸುವ ಬಗೆ. ಪ್ಲಾಸ್ಟಿಕ್ ಬಳೆ ಕಂಡರೆ ಕ್ಲಿಪ್ ಬಗೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ರೆಕ್ಕೆ ಬಗೆಯದನ್ನು ಹಾಕುವಾಗ ಎಲ್ಲ ಕಡೆ ಒಟ್ಟಿಗೆ ಎಳೆಯಲು ಹೋಗಬೇಡಿ, ಹರಿಯುತ್ತದೆ. ಒಂದು ಕಡೆ ಸಂದಿಗೆ ಸೇರಿಸಿ ಹೆಬ್ಬೆರಳಿನಿಂದ ಹಿಡಿದುಕೊಂಡು, ಉಳಿದದ್ದನ್ನು ಸುತ್ತ ತಿರುಗಿಸುತ್ತಾ ಕೂರಿಸಿ. ದಪ್ಪದಲ್ಲಿ ಹಳೆಯದಕ್ಕೆ ಹತ್ತಿರ ಇರಲಿ. ಕುಶನ್ ದಪ್ಪವಾದರೆ ಸ್ಪೀಕರ್ ಕಿವಿಯಿಂದ ದೂರ ಹೋಗಿ ಸದ್ದಿನ ಗುಣವೇ ಬದಲಾಗುತ್ತದೆ.

ಬಟ್ಟೆ ಕುಶನ್ ಹಾಕಿಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹಾಕಿಸಬಹುದು, ಕಿವಿಗೆ ತಂಪು, ಸಿಪ್ಪೆ ಏಳುವುದಿಲ್ಲ. ಆದರೆ ಬಟ್ಟೆಯಲ್ಲಿ ಗಾಳಿ ನುಸುಳುತ್ತದೆ. ಬೇಸ್ ಕಡಿಮೆಯಾಗುತ್ತದೆ, ರೈಲಿನ ಸದ್ದು ಒಳಗೆ ಬರುತ್ತದೆ. ಮನೆಯಲ್ಲಿ ಕೇಳುವವರಿಗೆ ಬಟ್ಟೆ ಒಳ್ಳೆಯದು, ನಿಮಗಲ್ಲ.

ಈಗ ನಿಮ್ಮ ಮಗ ಹೇಳಿದ ಪಟ್ಟಿಗೆ ಬರೋಣ. ಹುಡುಗರು ಬಾಕ್ಸ್ ಮೇಲಿನ ಅಂಕಿ ನೋಡುವುದರಲ್ಲಿ ತಪ್ಪೇನಿಲ್ಲ, ಅಂಗಡಿಯಲ್ಲಿ ಕಾಣೋದು ಅದೊಂದೇ. ಆದರೆ 50 ಮಿ.ಮೀ. ಡ್ರೈವರ್ ಅಂದರೆ 40 ಮಿ.ಮೀ.ಗಿಂತ ಒಳ್ಳೆಯದು ಅನ್ನೋದು ನಿಜವಲ್ಲ. ಸೋನಿ 2020ರಲ್ಲಿ ತಂದ ಡಬ್ಲ್ಯೂಎಚ್-1000ಎಕ್ಸ್‌ಎಂ4ರಲ್ಲಿ 40 ಮಿ.ಮೀ. ಡ್ರೈವರ್ ಇತ್ತು. 2022ರಲ್ಲಿ ಅದರ ಮುಂದಿನ ಎಕ್ಸ್‌ಎಂ5 ಬಂದಾಗ ಡ್ರೈವರ್ 30 ಮಿ.ಮೀ.ಗೆ ಇಳಿಯಿತು. ಆ ಕಂಪನಿಯ ದುಬಾರಿ ವೈರ್‌ಲೆಸ್ ಸಾಲಿನ ಹೆಡ್‌ಫೋನ್ ಅದು. ಡ್ರೈವರ್‌ನ ಅಗಲಕ್ಕಿಂತ ಅದರ ಪೊರೆ ಯಾವುದರದು, ಹಿಂದಿನ ಡಬ್ಬಿ ಹೇಗಿದೆ, ಕುಶನ್ ಎಷ್ಟು ಬಿಗಿಯಾಗಿ ಕೂರುತ್ತದೆ ಅನ್ನೋದು ಸದ್ದನ್ನು ಹೆಚ್ಚು ನಿರ್ಧರಿಸುತ್ತದೆ. ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಅನ್ನೋ ಸಾಲೂ ಅಷ್ಟೆ. ಆ ಅಳತೆಯೊಳಗೆ ಸದ್ದು ಎಷ್ಟು ಏರುಪೇರಾಗುತ್ತದೆ ಅಂತ ಹೇಳದಿದ್ದರೆ ಅದು ಏನನ್ನೂ ಹೇಳಿದಂತಾಗುವುದಿಲ್ಲ. ಐನೂರು ರೂಪಾಯಿಯದ್ದರ ಮೇಲೂ ಅದೇ ಸಾಲು, ಮೂವತ್ತು ಸಾವಿರದ್ದರ ಮೇಲೂ ಅದೇ ಸಾಲು.

ಎಲ್‌ಡಿಎಸಿ ಸೋನಿ ಮಾಡಿದ ಕೋಡೆಕ್, ಅಂದರೆ ಹಾಡನ್ನು ಗಾಳಿಯಲ್ಲಿ ಕಳಿಸಲು ಕುಗ್ಗಿಸುವ ವಿಧಾನ. ಹೆಚ್ಚೆಂದರೆ ಸೆಕೆಂಡಿಗೆ 990 ಕಿಲೋಬಿಟ್ ಕಳಿಸುತ್ತದೆ. ಎಲ್ಲದರಲ್ಲೂ ಇರುವ ಎಸ್‌ಬಿಸಿ ಸಾಮಾನ್ಯವಾಗಿ 328ರವರೆಗೆ. ಕಾಗದದ ಮೇಲೆ ಮೂರು ಪಟ್ಟು. ಆದರೆ ಅದು ಫೋನಿನಲ್ಲೂ ಇರಬೇಕು, ಹೆಡ್‌ಫೋನ್‌ನಲ್ಲೂ ಇರಬೇಕು. ಐಫೋನ್‌ನಲ್ಲಿ ಇಲ್ಲವೇ ಇಲ್ಲ, ಅಲ್ಲಿ ಎಎಸಿ ಮತ್ತು ಎಸ್‌ಬಿಸಿ ಅಷ್ಟೆ. ನೀವು ಕೇಳುವ ಹಾಡು ಉಚಿತ ಆ್ಯಪ್‌ನಿಂದ ಬರುತ್ತಿದ್ದರೆ ಅದು ಮೊದಲೇ ಕುಗ್ಗಿಸಿದ ಫೈಲು. ಕಳೆದುಹೋದದ್ದನ್ನು ಕೋಡೆಕ್ ವಾಪಸ್ ತರಲಾರದು. ಮೇಲಾಗಿ ಎಲ್ಲರ ಕೈಯಲ್ಲೂ ಫೋನ್ ಇರುವ ರೈಲಿನ ಬೋಗಿಯಲ್ಲಿ ಎಲ್‌ಡಿಎಸಿ ತನ್ನ ವೇಗ ಇಳಿಸಿಕೊಳ್ಳುತ್ತದೆ, ಇಲ್ಲವೇ ಹಾಡು ತುಂಡಾಗುತ್ತದೆ. ಇದ್ದರೆ ಇರಲಿ, ಇಲ್ಲ ಅಂತ ಒಳ್ಳೆ ಹೆಡ್‌ಫೋನ್ ಬಿಡಬೇಡಿ. ಬ್ಲೂಟೂತ್ 5.0ಯಾ 5.3ಯಾ ಅನ್ನೋದರಿಂದಲೂ ಸದ್ದು ಬದಲಾಗುವುದಿಲ್ಲ.

ಎಎನ್‌ಸಿ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇಲ್ಲೇ ಜನ ಜಾಸ್ತಿ ಮೋಸ ಹೋಗೋದು. ಎಎನ್‌ಸಿ ಅಂದರೆ ಹೊರಗಿನ ಸದ್ದನ್ನು ಮೈಕ್‌ನಲ್ಲಿ ಕೇಳಿಸಿಕೊಂಡು, ಅದಕ್ಕೆ ಸರಿಯಾಗಿ ಉಲ್ಟಾ ಅಲೆ ಹೊರಡಿಸಿ ನಿಮ್ಮ ಕಿವಿಯೊಳಗೆ ಅದನ್ನು ಅಡಗಿಸೋದು. ಬಾಕ್ಸ್ ಮೇಲೆ ಇನ್ನೊಂದು ಮಾತು ಇರುತ್ತದೆ: ಇಎನ್‌ಸಿ. ಒಂದೇ ಅಕ್ಷರದ ವ್ಯತ್ಯಾಸ, ಕೆಲಸ ಪೂರ್ತಿ ಬೇರೆ. ಇಎನ್‌ಸಿ ನಿಮ್ಮ ಮೈಕ್‌ಗೆ ಸಂಬಂಧಿಸಿದ್ದು. ನೀವು ಮಾತಾಡುವಾಗ ನಿಮ್ಮ ಸುತ್ತಲ ಗದ್ದಲ ಎದುರಿನವರಿಗೆ ಕಡಿಮೆ ಕೇಳಲಿ ಅಂತ ಇರೋದು. ನಿಮ್ಮ ಕಿವಿಗೆ ಅದರಿಂದ ಏನೂ ಸಿಗುವುದಿಲ್ಲ. ಎರಡು ಸಾವಿರದ ಹೆಡ್‌ಫೋನ್‌ನಲ್ಲಿ ‘ನಾಯ್ಸ್ ಕ್ಯಾನ್ಸಲೇಷನ್’ ಅಂತ ದಪ್ಪ ಅಕ್ಷರದಲ್ಲಿ ಕಂಡರೆ ಯಾವುದು ಅಂತ ಸಣ್ಣ ಅಕ್ಷರದಲ್ಲಿ ಹುಡುಕಿ.

ನಿಜವಾದ ಎಎನ್‌ಸಿ ಇದ್ದರೂ ಅದು ಅಡಗಿಸೋದು ಒಂದೇ ಸಮ ಮೊಳಗುವ ತಗ್ಗಿನ ಸದ್ದನ್ನು. ವಿಮಾನ, ಎಸಿ, ಬಸ್ಸಿನ ಇಂಜಿನ್. ಸುಮಾರು 1,000 ಹರ್ಟ್ಸ್ ದಾಟಿದ ಮೇಲೆ ಅದರ ಕೈಲಿ ಹೆಚ್ಚೇನೂ ಆಗುವುದಿಲ್ಲ, ಅಲ್ಲಿಂದ ಮೇಲೆ ಸದ್ದು ತಡೆಯೋದು ಕುಶನ್ನೇ. ನಿಮ್ಮ ಬೋಗಿಯಲ್ಲಿ ಕಿಟಕಿ ತೆಗೆದಿರುತ್ತದೆ. ಹಳಿಯ ಗುಡುಗುಡು ಸ್ವಲ್ಪ ಕಡಿಮೆ ಆಗಬಹುದು. ‘ಕಾಫಿ ಕಾಫಿ’ ಅಂತ ಕೂಗೋದು, ಎದುರು ಸೀಟಿನವರ ಮಾತು, ರೈಲಿನ ಹಾರ್ನ್ ಎಲ್ಲ ಬರುತ್ತವೆ. ಕಿಟಕಿ ಪಕ್ಕ ಕೂತರೆ ಗಾಳಿ ಮೈಕ್‌ಗೆ ಬಡಿದು ಎಎನ್‌ಸಿಯೇ ಬರ್ ಅಂತ ಸದ್ದು ಮಾಡುವುದೂ ಉಂಟು. ಅಗ್ಗದ ಎಎನ್‌ಸಿಯಲ್ಲಿ ಇನ್ನೊಂದು ತೊಂದರೆ ಇದೆ: ಆನ್ ಮಾಡಿದರೆ ಹಾಡಿನ ಬಣ್ಣವೇ ಬದಲಾಗುತ್ತದೆ, ಹಿಂದೆ ಸಣ್ಣಗೆ ಸ್ಸ್ ಅನ್ನುತ್ತಿರುತ್ತದೆ, ಕೆಲವರಿಗೆ ಕಿವಿ ಗಪ್ಪಾದಂತೆ ಅನಿಸುತ್ತದೆ. ಮೂರು ಸಾವಿರದೊಳಗೆ ಎಎನ್‌ಸಿಗೆ ದುಡ್ಡು ಹೋಯಿತೆಂದರೆ ಬ್ಯಾಂಡ್, ಕುಶನ್, ಸ್ಪೀಕರ್‌ಗೆ ಅಷ್ಟು ಕಡಿಮೆ ಉಳಿಯಿತು ಅಂತ ಅರ್ಥ. ನಿಮ್ಮ ಬಜೆಟ್‌ನಲ್ಲಿ ನಾನು ಎಎನ್‌ಸಿ ಬಿಟ್ಟು ಒಳ್ಳೆ ಕುಶನ್ ಇರೋದನ್ನೇ ಆರಿಸುತ್ತೇನೆ.

ಹಾಗಾದರೆ ಕಡಿಮೆ ದುಡ್ಡಿಗೆ ಒಳ್ಳೆ ಸದ್ದು ಸಾಧ್ಯನಾ? ಸಾಧ್ಯ. 2017ರಲ್ಲಿ ಯೆರುನ್ ಬ್ರೇಬಾರ್ಟ್ ಅನ್ನುವ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಬೆಲೆಯ ಜೊತೆ ಹೋಲಿಸಿ ನೋಡಿದರು. ತಗ್ಗಿನಿಂದ ಎತ್ತರದವರೆಗೆ ಸದ್ದು ಹೇಗೆ ಹರಡಿದೆ ಅನ್ನೋದಕ್ಕೂ ಬೆಲೆಗೂ ಸಂಬಂಧ ಸಿಗಲಿಲ್ಲ. ದುಬಾರಿಯದ್ದರಲ್ಲಿ ದುಡ್ಡು ಹೋಗೋದು ಒಳ್ಳೆ ಎಎನ್‌ಸಿ, ಗಟ್ಟಿ ಕೀಲು, ಮೆತ್ತನೆ ಕುಶನ್, ಆ್ಯಪ್, ಹೆಸರು, ಇವಕ್ಕೆ. ಇದು ನಮ್ಮ ಕೆಲಸದಲ್ಲೂ ದಿನಾ ಕಾಣುವ ಸಂಗತಿ. ಬ್ಯಾಂಡ್ ಮುರಿದ ಅಗ್ಗದ ಹೆಡ್‌ಫೋನ್‌ನಲ್ಲಿ ಸ್ಪೀಕರ್ ಚೆನ್ನಾಗೇ ಇರುತ್ತದೆ.

ಅದಕ್ಕೇ ನಾನು ಮೊದಲು ನೋಡೋದು ಕಿವಿಗೆ ತಾಗುವ ಭಾಗವನ್ನು. ಕಿವಿಯ ಸುತ್ತ ಗಾಳಿ ನುಸುಳದಂತೆ ಕುಶನ್ ಕೂತರೆ ಬೇಸ್ ಬರುತ್ತದೆ, ಹೊರಗಿನ ಸದ್ದು ನಿಲ್ಲುತ್ತದೆ, ವಾಲ್ಯೂಮ್ ಕಡಿಮೆ ಇಟ್ಟರೂ ಸಾಕಾಗುತ್ತದೆ. ಕೂರದಿದ್ದರೆ ಯಾವ ಡ್ರೈವರ್ ಇದ್ದರೂ ಹಾಡು ತೆಳ್ಳಗೆ ಕೇಳುತ್ತದೆ.

ಇಲ್ಲಿ ಒಂದು ಎಚ್ಚರ. ದೊಡ್ಡದಾಗಿ ಕಾಣುವ ಎಲ್ಲ ಹೆಡ್‌ಫೋನ್ ಕಿವಿ ಮುಚ್ಚುವುದಿಲ್ಲ. ಕಿವಿಯ ಮೇಲೆ ಒತ್ತಿ ಕೂರೋದು ಒಂದು ಬಗೆ, ಕಿವಿಯನ್ನು ಒಳಗೆ ಸೇರಿಸಿಕೊಂಡು ತಲೆಗೆ ಕೂರೋದು ಇನ್ನೊಂದು ಬಗೆ. ಫೋಟೋದಲ್ಲಿ ಎರಡೂ ಒಂದೇ ಥರ. ಬಹಳ ಜನ ಕೊಳ್ಳುವ ಸೋನಿ ಡಬ್ಲ್ಯೂಎಚ್-ಸಿಎಚ್520 ಮತ್ತು ಬೋಟ್ ರಾಕರ್ಜ್ 450 ಕಿವಿ ಮೇಲೆ ಕೂರುವಂಥವು. ಜೆಬಿಎಲ್ ಟ್ಯೂನ್ 720ಬಿಟಿ, ಬೋಟ್ ರಾಕರ್ಜ್ 550 ಕಿವಿ ಮುಚ್ಚುವಂಥವು. ಕನ್ನಡಕ ಹಾಕುವವರಿಗೆ ಕಿವಿ ಮೇಲೆ ಒತ್ತುವ ಬಗೆ ಕಷ್ಟ. ಕಿವಿಯ ಎಲೆ ಹೆಡ್‌ಫೋನಿಗೂ ಕನ್ನಡಕದ ಕಡ್ಡಿಗೂ ನಡುವೆ ಸಿಕ್ಕಿ ಅರ್ಧ ಗಂಟೆಗೇ ನೋಯಲು ಶುರುವಾಗುತ್ತದೆ.

ಅಂಗಡಿಯಲ್ಲಿ ಹಾಕಿ ನೋಡಲು ಸಿಕ್ಕರೆ ಹೀಗೆ ಮಾಡಿ. ಕನ್ನಡಕ ಹಾಕಿಕೊಂಡೇ ಹೆಡ್‌ಫೋನ್ ಧರಿಸಿ. ತಬಲಾದ ಬಾಯಾ (ಎಡಗೈಯಲ್ಲಿ ನುಡಿಸುವ ತಗ್ಗಿನ ಸದ್ದಿನದು) ಚೆನ್ನಾಗಿ ಕೇಳುವ ಯಾವುದಾದರೂ ರೆಕಾರ್ಡಿಂಗ್ ಹಾಕಿ. ಈಗ ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ತಲೆ ಕಡೆಗೆ ಒತ್ತಿ. ಬಾಯಾದ ಗುಮಕು ಒಮ್ಮೆಲೇ ಜಾಸ್ತಿ ಆಯಿತಾ? ಹಾಗಿದ್ದರೆ ಕನ್ನಡಕದ ಕಡ್ಡಿಯ ಹತ್ತಿರ ಗಾಳಿ ಸೋರುತ್ತಿದೆ, ಆ ಹೆಡ್‌ಫೋನ್ ನಿಮ್ಮ ತಲೆಗಲ್ಲ. ಒತ್ತಿದರೂ ಹೆಚ್ಚು ವ್ಯತ್ಯಾಸ ಆಗದಿದ್ದರೆ ಚೆನ್ನಾಗಿ ಕೂತಿದೆ. ತೆಳ್ಳನೆ ಲೋಹದ ಕಡ್ಡಿಯ ಕನ್ನಡಕ ಇದ್ದರೆ ಈ ತೊಂದರೆ ಕಡಿಮೆ.

ಆಮೇಲೆ ತಂಬೂರಿ ಹಾಕಿ. ಒಳ್ಳೆ ಹೆಡ್‌ಫೋನ್‌ನಲ್ಲಿ ತಂತಿ ಮೀಟಿದ ಮೇಲೆ ಜವಾರಿ ಅರಳುತ್ತಾ ಹೋಗೋದು ಕೇಳುತ್ತದೆ, ಗಾಂಧಾರ ಅದರೊಳಗಿಂದ ಏಳುತ್ತದೆ. ಬೇಸ್ ತುಂಬಿಸಿದ ಹೆಡ್‌ಫೋನ್‌ನಲ್ಲಿ ಖರಜದ, ಅಂದರೆ ತಗ್ಗಿನ ಷಡ್ಜದ ತಂತಿಯ, ಗುಂಯ್ ಅಷ್ಟೇ ಉಳಿಯುತ್ತದೆ. ನಮ್ಮ ಮಾರುಕಟ್ಟೆಯ ಅಗ್ಗದ ಹೆಡ್‌ಫೋನ್‌ಗಳ ದೊಡ್ಡ ಗೋಳು ಇದು. ಐದು ನಿಮಿಷದ ಡೆಮೋದಲ್ಲಿ ಧಂ ಧಂ ಅನ್ನೋದು ಖುಷಿ ಕೊಡುತ್ತದೆ, ಅದಕ್ಕೇ 100ರಿಂದ 250 ಹರ್ಟ್ಸ್‌ವರೆಗೆ ಉಬ್ಬಿಸಿರುತ್ತಾರೆ. ಮನುಷ್ಯರ ದನಿಯ ಬುಡ ಇರೋದೂ ಅಲ್ಲೇ. ಹಾಗಾಗಿ ಗಾಯಕರು ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಕೊನೆಗೆ ಒಂದು ಪಾಡ್‌ಕಾಸ್ಟ್ ಹಾಕಿ, ‘ಸ’, ‘ಶ’ ಬಂದಾಗ ಕಿವಿಗೆ ಚುಚ್ಚುತ್ತದಾ ನೋಡಿ. ಮಾತು ತಲೆಯ ನಟ್ಟನಡುವೆ ಕೇಳಬೇಕು. ಎಡಕ್ಕೋ ಬಲಕ್ಕೋ ವಾಲಿದ್ದರೆ ಮೊದಲು ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ-ಬಲ ಸಮತೋಲನ ನಡುವೆ ಇದೆಯಾ ಅಂತ ಪರೀಕ್ಷಿಸಿ. ಎರಡು ಹೆಡ್‌ಫೋನ್ ಹೋಲಿಸುವಾಗ ಇನ್ನೊಂದು ನೆನಪಿಡಿ: ಸ್ವಲ್ಪ ಜೋರಾಗಿ ಕೇಳೋದೇ ಯಾವಾಗಲೂ ಚೆನ್ನಾಗಿದೆ ಅನಿಸುತ್ತದೆ. ಎರಡರ ವಾಲ್ಯೂಮ್ ಒಂದೇ ಮಟ್ಟಕ್ಕೆ ತಂದು ಕೇಳಿ.

ಬೇಸ್ ಸ್ವಲ್ಪ ಜಾಸ್ತಿ ಇರೋದೇ ಸಿಕ್ಕರೂ ಬೇಜಾರು ಬೇಡ. ಫೋನಿನ ಅಥವಾ ಹೆಡ್‌ಫೋನ್ ಆ್ಯಪ್‌ನ ಈಕ್ವಲೈಜರ್‌ನಲ್ಲಿ 125 ಮತ್ತು 250 ಹರ್ಟ್ಸ್ ಹತ್ತಿರದ ಪಟ್ಟಿಗಳನ್ನು ಮೂರು ಡೆಸಿಬೆಲ್ ಇಳಿಸಿ. ದನಿ ಎಷ್ಟು ತಿಳಿಯಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಏರಿಸೋದಕ್ಕಿಂತ ಇಳಿಸಿ ಸರಿಮಾಡೋದು ಒಳ್ಳೆಯದು, ಏರಿಸಿದರೆ ಸದ್ದು ಒಡೆಯುತ್ತದೆ.

ಬ್ಯಾಂಡನ್ನು ಪೂರ್ತಿ ಎಳೆದು ನೋಡಿ. ಒಳಗಿಂದ ಲೋಹದ ಪಟ್ಟಿ ಕಾಣಿಸಿದರೆ ಬಾಳಿಕೆ ಬರುತ್ತದೆ. ಬರೀ ಪ್ಲಾಸ್ಟಿಕ್ ಇದ್ದರೆ ಕಪ್ ಹಿಡಿದ ಕವಲು ಬ್ಯಾಂಡಿಗೆ ಸೇರುವ ಜಾಗದಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ಅಂಟು ಹಾಕಿ ಕೂಡಿಸಿದರೂ ನಿಲ್ಲುವುದಿಲ್ಲ, ದಿನಾ ಬಾಗುವ ಜಾಗ ಅದು. ತೂಕ 250 ಗ್ರಾಂ ಒಳಗಿರಲಿ. ರೈಲಿಗೆ ಬ್ಯಾಗಿನಲ್ಲಿ ಹಾಕುವವರು ಮಡಚುವ ಬಗೆಯದನ್ನೇ ತಗೊಳ್ಳಿ.

ಬ್ಯಾಟರಿಯ ಲೆಕ್ಕ ಹೇಳುತ್ತೇನೆ, ಅದನ್ನು ಕೇಳಿದರೆ ದೊಡ್ಡ ಅಂಕಿಯ ಆಸೆ ಬಿಡುತ್ತದೆ. ಟ್ಯೂನ್ 720ಬಿಟಿಗೆ 76 ಗಂಟೆ, ರಾಕರ್ಜ್ 550ಕ್ಕೆ 20 ಗಂಟೆ ಅಂತ ಕಂಪನಿಗಳು ಹೇಳುತ್ತವೆ. ಇಂಥ ಅಂಕಿಗಳು ಸಾಮಾನ್ಯವಾಗಿ ಮಧ್ಯಮ ವಾಲ್ಯೂಮ್‌ನವು, ನಿಮಗೆ ಸ್ವಲ್ಪ ಕಡಿಮೆಯೇ ಬರುತ್ತದೆ. ಆದರೂ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ ಕೇಳಿದರೆ 20 ಗಂಟೆಯದ್ದಕ್ಕೆ ವಾರಕ್ಕೊಂದು ಚಾರ್ಜ್ ಸಾಕು. ವರ್ಷಕ್ಕೆ ಐವತ್ತು ಚಿಲ್ಲರೆ. ಲಿಥಿಯಂ ಬ್ಯಾಟರಿ 300ರಿಂದ 500 ಪೂರ್ತಿ ಚಾರ್ಜ್ ಆಗುವವರೆಗೂ ತಕ್ಕಮಟ್ಟಿಗೆ ಗಟ್ಟಿಯಾಗಿರುತ್ತದೆ. ಬ್ಯಾಟರಿಗಿಂತ ಮೊದಲು ಕುಶನ್ ಹೋಗುತ್ತದೆ, ಅದಕ್ಕಿಂತ ಮೊದಲು ಬ್ಯಾಂಡ್ ಹೋಗಬಹುದು. ಬ್ಯಾಟರಿಯನ್ನು ನಿಜವಾಗಿ ಕೊಲ್ಲೋದು ಬಿಸಿಲಲ್ಲಿ ಕಾರಿನೊಳಗೆ ಇಡೋದು, ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಮರೆಯೋದು. ಹೊಸದಾಗಿ ತಂದ ಅಗ್ಗದ ಹೆಡ್‌ಫೋನ್ ಎರಡೂ ಕಡೆ ಟೈಪ್-ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗುತ್ತಿಲ್ಲ ಅಂದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಕೆಲವು ತಯಾರಕರು ಪೋರ್ಟ್‌ನಲ್ಲಿ ಹಾಕಬೇಕಾದ ಎರಡು ಸಣ್ಣ ರೆಸಿಸ್ಟರ್ ಉಳಿಸಿಬಿಡುತ್ತಾರೆ. ಆಗ ಚಾರ್ಜರ್‌ಗೆ ಅದು ಕಾಣುವುದೇ ಇಲ್ಲ. ಒಂದು ಕಡೆ ಹಳೇ ಅಗಲದ ಯುಎಸ್‌ಬಿ (ಟೈಪ್-ಎ) ಇರುವ ಕೇಬಲ್ ಹಾಕಿದರೆ ಚಾರ್ಜ್ ಆಗುತ್ತದೆ.

ಅತ್ತೆಯವರ ಭಯದ ಬಗ್ಗೆ. ಬ್ಲೂಟೂತ್ ಹೆಡ್‌ಫೋನ್ ಹೊರಡಿಸುವ ಶಕ್ತಿ ಸಾಮಾನ್ಯವಾಗಿ 10 ಮಿಲಿವ್ಯಾಟ್ ದಾಟುವುದಿಲ್ಲ. ಸಿಗ್ನಲ್ ಸರಿಯಾಗಿ ಸಿಗದ ಕಡೆ 4ಜಿ ಫೋನ್ 200 ಮಿಲಿವ್ಯಾಟ್‌ವರೆಗೂ ಹೋಗುತ್ತದೆ. ಅಂದರೆ ಫೋನನ್ನೇ ಕಿವಿಗೆ ಹಿಡಿದು ಮಾತಾಡೋದಕ್ಕಿಂತ ಫೋನ್ ಬ್ಯಾಗಿನಲ್ಲಿಟ್ಟು ಹೆಡ್‌ಫೋನ್‌ನಲ್ಲಿ ಮಾತಾಡಿದರೆ ತಲೆಗೆ ತಲುಪೋದು ಕಡಿಮೆ. ಇದು ಎಕ್ಸ್‌ರೇ ಥರದ ವಿಕಿರಣವೂ ಅಲ್ಲ.

ಅವರಿಗೆ ಹೇಳಬೇಕಾದ ನಿಜವಾದ ಅಪಾಯ ಬೇರೆ ಇದೆ, ಅದು ವಾಲ್ಯೂಮ್. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ, ಮಕ್ಕಳಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಐದೇ ಗಂಟೆ. ನಿಮ್ಮ ರೈಲಿನ ಕೇಳುವಿಕೆಯೇ ವಾರಕ್ಕೆ 12 ಗಂಟೆ. ರೈಲಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾ ಹೋದರೆ ಎರಡೇ ದಿನದಲ್ಲಿ ವಾರದ ಪಾಲು ಮುಗಿಯಬಹುದು. ಕುಶನ್ ಬಿಗಿಯಾಗಿ ಕೂರಲಿ ಅಂತ ನಾನು ಇಷ್ಟು ಹಟ ಹಿಡಿಯೋದು ಇದಕ್ಕೇ. ಮನೆಯಲ್ಲಿ ನಿಶ್ಶಬ್ದ ಇರುವಾಗ ಹಿತವಾದ ವಾಲ್ಯೂಮ್ ಯಾವುದು ಅಂತ ಗುರುತಿಟ್ಟುಕೊಳ್ಳಿ. ರೈಲಿನಲ್ಲಿ ಅದಕ್ಕಿಂತ ಎರಡು ಮೂರು ಮೆಟ್ಟಿಲು ದಾಟಬೇಡಿ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ ಅವತ್ತು ಜಾಸ್ತಿ ಆಗಿದೆ ಅಂತಲೇ ಅರ್ಥ. ಪ್ಲಾಟ್‌ಫಾರ್ಮ್‌ನಲ್ಲಿ, ಹಳಿ ಹತ್ತಿರ ಓಡಾಡುವಾಗ ದಯವಿಟ್ಟು ಕುತ್ತಿಗೆಗೆ ಇಳಿಸಿಕೊಳ್ಳಿ. ಇಯರ್‌ಬಡ್‌ನಿಂದ ಬಂದ ತುರಿಕೆ ಈಗಲೂ ಇದ್ದರೆ ಒಮ್ಮೆ ಕಿವಿ ಡಾಕ್ಟರಿಗೆ ತೋರಿಸಿ. ಬೂಷ್ಟು ಸೋಂಕು ಇದ್ದರೆ ಕಿವಿ ಮುಚ್ಚುವ ಹೆಡ್‌ಫೋನ್‌ನ ಸೆಖೆಗೂ ಅದು ಕೆರಳುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಹಳೆಯದರ ಬ್ಯಾಂಡ್ ಮತ್ತು ಚಾರ್ಜ್ ಸರಿ ಇದ್ದರೆ ಕುಶನ್ ಹಾಕಿಸಿ, ಮೀಟಿಂಗ್ ಸೆಟ್ಟಿಂಗ್ ಬದಲಿಸಿ, ಎರಡು ವಾರ ಬಳಸಿ ನೋಡಿ. ನನ್ನ ಮೊದಲ ಸಲಹೆ ಇದೇ. ಅಪಾಯ ಇಷ್ಟೇ: ಕುಶನ್ ಅಳತೆ ತಪ್ಪಿದರೆ ಆ ದುಡ್ಡು ಹೋಗುತ್ತದೆ.

ಹೊಸದೇ ಬೇಕಾದರೆ ಎಎನ್‌ಸಿ ಇಲ್ಲದ, ಕಿವಿ ಪೂರ್ತಿ ಮುಚ್ಚುವ, ಲೋಹದ ಪಟ್ಟಿ ಇರುವ, ವೈರ್ ಸಿಕ್ಕಿಸಲೂ ಬರುವ ಹೆಡ್‌ಫೋನ್ ತಗೊಳ್ಳಿ. ಫೋನಿಗೂ ಲ್ಯಾಪ್‌ಟಾಪ್‌ಗೂ ಒಟ್ಟಿಗೆ ಸೇರುವ ಮಲ್ಟಿಪಾಯಿಂಟ್ ಇದ್ದರೆ ನಿಮಗೆ ದಿನಾ ಉಪಯೋಗ. ಟ್ಯೂನ್ 720ಬಿಟಿಯಲ್ಲಿ ಮಲ್ಟಿಪಾಯಿಂಟ್ ಇದೆ, ವೈರೂ ಹಾಕಬಹುದು, ತೂಕ 220 ಗ್ರಾಂ. ನಿಮ್ಮ ಮೇಲಿನ ಮಿತಿಯ ಆಸುಪಾಸು ಮಾರಾಟವಾಗುತ್ತಿರುತ್ತದೆ, ಬೆಲೆ ಆಗಾಗ ಏರಿಳಿಯುತ್ತದೆ. ಆದರೂ ಮೇಲೆ ಹೇಳಿದ ಅಂಗೈ ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪಬೇಡಿ. ನಿಮ್ಮ ತಲೆ, ನಿಮ್ಮ ಕನ್ನಡಕಕ್ಕೆ ಅದು ಕೂರುತ್ತದಾ ಅನ್ನೋದು ನಾನು ಇಲ್ಲಿಂದ ಹೇಳಲಾರೆ.

ರಿಯಾಜ್‌ಗೆ, ರೆಕಾರ್ಡಿಂಗ್‌ಗೆ ಮನೆಯಲ್ಲೊಂದು ವೈರ್ ಹೆಡ್‌ಫೋನ್ ಇಟ್ಟುಕೊಳ್ಳೋದೂ ಒಳ್ಳೆ ದಾರಿ. ಅದೇ ದುಡ್ಡಿಗೆ ಇನ್ನೂ ಒಳ್ಳೆ ಸದ್ದು, ಬ್ಯಾಟರಿ ಚಿಂತೆ ಇಲ್ಲ. ಫೋನಿನಲ್ಲಿ ಜಾಕ್ ಇಲ್ಲದಿದ್ದರೆ ಟೈಪ್-ಸಿ ಕನ್ವರ್ಟರ್ ಬೇಕು. ಸೆಕೆಂಡ್‌ ಹ್ಯಾಂಡ್ ದುಬಾರಿ ಹೆಡ್‌ಫೋನ್ ಮಾತ್ರ ಬೇಡ ಅಂತಲೇ ಹೇಳುತ್ತೇನೆ. ಬ್ಯಾಟರಿಯ ವಯಸ್ಸು ಗೊತ್ತಾಗುವುದಿಲ್ಲ, ನಕಲಿಗಳ ಹಾವಳಿ ಅಲ್ಲೇ ಜಾಸ್ತಿ.

ಕೊಳ್ಳುವಾಗ ‘ಶೇಕಡಾ 75 ರಿಯಾಯಿತಿ’ ಕಡೆ ಕಣ್ಣು ಹಾಕಬೇಡಿ. ಬಾಕ್ಸ್ ಮೇಲಿನ ಎಂಆರ್‌ಪಿಗೆ ಅದನ್ನು ಯಾರೂ ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ರಿವ್ಯೂಗಳಲ್ಲಿ ಐದು ಸ್ಟಾರ್ ಬಿಟ್ಟು ಮೂರು ಸ್ಟಾರ್‌ನವನ್ನು ಓದಿ, ಅದರಲ್ಲೂ ಆರು ತಿಂಗಳು ಬಳಸಿದವರು ಬರೆದದ್ದನ್ನು. ಬಾಕ್ಸ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತದೆ. ಆನ್‌ಲೈನ್‌ನಲ್ಲಿ ತಗೊಂಡರೆ ವಾಪಸ್ ಮಾಡಬಹುದಾ ಅಥವಾ ಬರೀ ಬದಲಿ ಕೊಡುತ್ತಾರಾ ಅಂತ ಮೊದಲೇ ಓದಿಕೊಳ್ಳಿ. ಬದಲಿ ಮಾತ್ರ ಅಂದರೆ ತಲೆಗೆ ಕೂರದ ಹೆಡ್‌ಫೋನ್ ಬದಲು ಅದೇ ಇನ್ನೊಂದು ಬರುತ್ತದೆ. ಬಂದ ದಿನವೇ ಕನ್ನಡಕ ಹಾಕಿ ಒಂದು ಗಂಟೆ ಕೇಳಿ, ವೈರ್ ಸಿಕ್ಕಿಸಿ, ಮೈಕ್‌ನಲ್ಲಿ ಮಾತಾಡಿ, ಪೂರ್ತಿ ಚಾರ್ಜ್ ಮಾಡಿ ಪರೀಕ್ಷಿಸಿ. ಬಿಲ್ಲಿನ ಫೋಟೋ ತೆಗೆದು ಇಟ್ಟುಕೊಳ್ಳಿ, ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ವಾರಂಟಿಯಲ್ಲಿ ಕುಶನ್ ಸಾಮಾನ್ಯವಾಗಿ ಸೇರಿರುವುದಿಲ್ಲ, ಅದನ್ನೂ ಕೊಳ್ಳುವ ದಿನವೇ ಕೇಳಿ. ಆ ಮಾಡೆಲ್‌ಗೆ ಬಿಡಿ ಕುಶನ್ ಸಿಗುತ್ತದಾ ಅಂತ ಅಂಗಡಿಯಲ್ಲಿ ನಿಂತೇ ಫೋನಿನಲ್ಲಿ ಹುಡುಕಿ ನೋಡಿ. ಸಿಗದಿದ್ದರೆ ಬೇರೆ ಮಾಡೆಲ್ ನೋಡಿ.